ಶಾಲೆಗೆ ಹೋಗುವುದು ಮಗುವಿನ ಹಕ್ಕು



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಮುಖ್ಯ ಬೆಳೆ. ಶಾಲೆ ತೆರೆದು ಒಂದೆರಡು ತಿಂಗಳಾಗುವಷ್ಟರಲ್ಲಿ ಸೊಪ್ಪು ಕೊಯ್ಲಿಗೆ ಬರುತ್ತದೆ. ಎಲೆ ಮುರಿಯಲು, ಕಡ್ಡಿಗೆ ಕಟ್ಟಲು, ಬ್ಯಾರನ್ನಿಗೆ ತುಂಬಲು ಕೈಗಳು ಬೇಕು. ಚಳಿಗಾಲದಲ್ಲಿ ಹಾಡಿಗಳ ಅನೇಕ ಕುಟುಂಬಗಳು ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. "ಬಡವರ ಮಕ್ಕಳು, ಏನು ಮಾಡಲಾದೀತು?" ಎಂದು ನಾವು ಸುಮ್ಮನಾಗುತ್ತೇವೆ. ಇದು ಸರಿಯೇ?

ಧರ್ಮಸಭೆಯ ಬೋಧನೆ

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣವನ್ನು ಕುರಿತ ಘೋಷಣೆಯನ್ನು ಹೊರಡಿಸಿತು. ಕುಲ, ಅಂತಸ್ತು, ವಯಸ್ಸಿನ ಭೇದವಿಲ್ಲದೆ ಎಲ್ಲರಿಗೂ ವಿದ್ಯೆಯ ಹಕ್ಕಿದೆ, ಮಕ್ಕಳ ಮೊದಲ ಗುರುಗಳು ತಂದೆತಾಯಿಗಳು ಎಂದು ಅದು ಸಾರುತ್ತದೆ. ಬಾಲಯೇಸು ಜ್ಞಾನದಲ್ಲೂ ಪ್ರಾಯದಲ್ಲೂ ಬೆಳೆದರೆಂದು ಸಂತ ಲೂಕರು ತಿಳಿಸುತ್ತಾರೆ. ಪ್ರತಿ ಮಗುವೂ ಹಾಗೆ ಬೆಳೆಯಬೇಕೆಂಬುದು ದೇವರ ಚಿತ್ತ.

ದೇಶದ ಕಾನೂನು

2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು. ಅದರಂತೆ ರಚಿತವಾದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುವುದು ಸರ್ಕಾರದ ಹೊಣೆ. ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯ. ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಓದು ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು.

ಒಬ್ಬ ಅಜ್ಜನ ಪಾಠ

ಆಫ್ರಿಕಾದ ಕೆನ್ಯಾ ದೇಶ 2003ರಲ್ಲಿ ಪ್ರಾಥಮಿಕ ಶಾಲೆಗಳ ಶುಲ್ಕವನ್ನು ತೆಗೆದುಹಾಕಿತು. ಮರುವರ್ಷ ಕಿಮಾನಿ ಮರುಗೆ ಎಂಬ 84ರ ಅಜ್ಜ ಒಂದನೇ ತರಗತಿಗೆ ಸೇರಿದರು. ಬೈಬಲನ್ನು ತಾವೇ ಓದಬೇಕೆಂಬುದು ಅವರ ಆಸೆಯಾಗಿತ್ತು. ಬಾಲ್ಯದಲ್ಲಿ ತಪ್ಪಿದ ಅಕ್ಷರಕ್ಕಾಗಿ ಅವರು ಎಷ್ಟು ಕಾಯಬೇಕಾಯಿತು!

ನಮ್ಮಲ್ಲಿ ಸರ್ಕಾರಿ ಶಾಲೆ ಉಚಿತ, ಮಧ್ಯಾಹ್ನದ ಊಟವೂ ಇದೆ. ಆದರೂ ಮಗು ತಪ್ಪಿಸಿಕೊಂಡರೆ, ಅದನ್ನು ತಡೆದದ್ದು ನಮ್ಮದೇ ಹೊಲದ ಕೆಲಸವಾಗಿರಬಹುದು. ಹಸಿ ಸೊಪ್ಪಿನ ರಸ ಚರ್ಮಕ್ಕಿಳಿದರೆ ತಲೆಸುತ್ತು, ವಾಂತಿ ಬರುತ್ತದೆ. ಮಗುವಿಗೆ ಆ ಕೆಲಸ ಕೊಟ್ಟು ಕೂಲಿ ಕೊಟ್ಟರೂ ಅದು ಉಪಕಾರವಾಗದು.

ಮನೆಯಲ್ಲಿ ಚಿಂತಿಸೋಣ

1. ನಮ್ಮ ಬೀದಿಯಲ್ಲಿ, ಪಕ್ಕದ ಹಾಡಿಯಲ್ಲಿ ಶಾಲೆ ಬಿಟ್ಟ ಮಗು ಯಾರು? ಹೆಸರು ಗೊತ್ತೇ?
2. ಅದರ ತಂದೆತಾಯಿಯೊಡನೆ ಮುಖ್ಯೋಪಾಧ್ಯಾಯರ ಬಳಿಗೆ ಹೋಗಿಬರಲು ನಮ್ಮಲ್ಲಿ ಯಾರು ಸಿದ್ಧ?
3. ಈ ಸಲದ ಕೊಯ್ಲಿಗೆ ಮಕ್ಕಳನ್ನು ಕರೆಯುವುದಿಲ್ಲವೆಂದು ನಮ್ಮ ಮನೆ ನಿರ್ಧರಿಸಬಲ್ಲದೇ?

ಇಂದಿನ ಸಂಜೆಯ ಜಪಸರದಲ್ಲಿ ಆ ಮಗುವನ್ನು ನೆನೆಯೋಣ. ನಾಳೆ ಬೆಳಿಗ್ಗೆ ಅದರ ಮನೆಗೆ ಹೋಗೋಣ.