ಸಂತಾನ ಭಾಗ್ಯ ಮತ್ತು ದೇಹದ ಕಾವಲು

ಮಕ್ಕಳಾಗದಿದ್ದರೆ ನಾವು ಮೊದಲು ಸೊಸೆಯತ್ತಲೇ ನೋಡುತ್ತೇವೆ. ಆದರೆ ಇಂತಹ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪುರುಷನ ಕಡೆಯ ಕಾರಣವೂ ಇರುತ್ತದೆ. ಕೆಲವೊಮ್ಮೆ ದೇಹವನ್ನು ಕಾಯುವ ರೋಗನಿರೋಧಕ ಶಕ್ತಿಯೇ ಅಡ್ಡಿಯಾಗುವುದುಂಟು.

ವೀರ್ಯಾಣುವಿನ ಮೇಲೆ ಟಿಎಲ್‌ಆರ್-2, ಟಿಎಲ್‌ಆರ್-4 ಎಂಬ ಗ್ರಾಹಕಗಳಿವೆ. ಇವು ಬ್ಯಾಕ್ಟೀರಿಯಾವನ್ನು ಗುರುತಿಸಿದಾಗ ವೀರ್ಯಾಣುವಿನ ಚಲನೆ ಕುಗ್ಗುತ್ತದೆ. ಜನನಾಂಗದಲ್ಲಿ ಸೋಂಕಿದ್ದರೆ ಬಿಳಿ ರಕ್ತಕಣಗಳು ಸೈಟೋಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಸ್ರವಿಸುತ್ತವೆ. ಇವು ಮಿತಿಮೀರಿದರೆ ವೀರ್ಯಾಣುಗಳಿಗೇ ಹಾನಿ. ವೀರ್ಯದ ಒಂದು ಮಿಲಿಲೀಟರಿನಲ್ಲಿ 10 ಲಕ್ಷಕ್ಕೂ ಮಿಗಿಲಾಗಿ ಬಿಳಿ ರಕ್ತಕಣಗಳಿದ್ದರೆ ವೈದ್ಯರು ಉರಿಯೂತವನ್ನು ಶಂಕಿಸುತ್ತಾರೆ.

ಸೋಂಕಿಗೆ ಚಿಕಿತ್ಸೆಯುಂಟು. ಹೊಸ ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾದುದರಿಂದ ತಾಳ್ಮೆಯೂ ಅಗತ್ಯ. ಒಂದು ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ ಪತಿ ಪತ್ನಿಯರಿಬ್ಬರನ್ನೂ ವೈದ್ಯರ ಬಳಿಗೆ ಕಳುಹಿಸೋಣ. ಹೆಣ್ಣೊಬ್ಬಳ ಮೇಲೆಯೇ ದೋಷ ಹೊರಿಸದಿರೋಣ.