ಕಾಗದದ ಮದುವೆಗೆ ಸಹಿ ಹಾಕುವ ಮುಂಚೆ

ತಮ್ಮಾ, ಈ ಸಲದ ಎಚ್-1ಬಿ ಕೆಲಸದ ವೀಸಾ ಲಾಟರಿಯಲ್ಲೂ ನಿನ್ನ ಹೆಸರು ಬರಲಿಲ್ಲವೆಂದು ಗೊತ್ತಾಯಿತು. ಓದಿನ ನಂತರ ಇಲ್ಲಿ ಕೆಲಸ ಮಾಡಲು ಕೊಡುವ ಓಪಿಟಿ ಅವಧಿ ಮುಗಿಯಲು ಕೆಲವೇ ತಿಂಗಳು ಉಳಿದಿದೆ. ಶಿವಮೊಗ್ಗದಲ್ಲಿ ಅಪ್ಪ ಮನೆಪತ್ರ ಇಟ್ಟು ತೆಗೆದ ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತದೆ. ಇಂಥ ಹೊತ್ತು ನೋಡಿಯೇ ಯಾರೋ ಒಬ್ಬರು ಪಕ್ಕಕ್ಕೆ ಕರೆದು, “ಸಿಟಿಜನ್ ಹುಡುಗಿ ಒಬ್ಬಳಿದ್ದಾಳೆ, ಇಷ್ಟು ಡಾಲರ್ ಕೊಟ್ಟರೆ ಸಾಕು. ಸಿಟಿ ಹಾಲ್‌ನಲ್ಲಿ ಸಹಿ ಹಾಕಿ ಬರುವುದು, ಎರಡು ವರ್ಷಕ್ಕೆ ಡಿವೋರ್ಸ್ ತಗೊಳ್ಳುವುದು” ಎನ್ನುತ್ತಾರೆ. ನ್ಯೂಜೆರ್ಸಿಯಲ್ಲಿ ತಲೆ ಬೆಳ್ಳಗಾದ ನನ್ನಂಥವರಿಗೆ ಈ ಮಾತು ಹೊಸದಲ್ಲ. ನಿನ್ನ ಕಿವಿಗೂ ಬಿದ್ದಿರುವ ಹಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಸೆ ಏಕೆ ಹುಟ್ಟುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಲಾಟರಿಯಲ್ಲಿ ವರ್ಷಕ್ಕೆ ಇರುವುದು 65,000 ವೀಸಾ. ಇಲ್ಲಿ ಮಾಸ್ಟರ್ಸ್ ಓದಿದವರಿಗೆ ಇನ್ನೊಂದು 20,000. ಅದನ್ನು ದಾಟಿ ಕಂಪನಿಯ ಮೂಲಕ ಗ್ರೀನ್ ಕಾರ್ಡಿಗೆ ಹೋದರೆ, ಒಂದು ದೇಶದವರಿಗೆ ಸುಮಾರು ಶೇ. 7ರ ಮಿತಿ. ನಮ್ಮ ದೇಶದವರ ಸಾಲಂತೂ ಮುಂದೆ ಸರಿಯುವುದೇ ಕಾಣುವುದಿಲ್ಲ. ಆದರೆ ಅಮೆರಿಕದ ಪ್ರಜೆಯ ಗಂಡನಿಗೋ ಹೆಂಡತಿಗೋ ಈ ಮಿತಿಯೂ ಇಲ್ಲ, ಸಾಲೂ ಇಲ್ಲ. ಕಾನೂನುಬದ್ಧವಾಗಿ ದೇಶದೊಳಗೆ ಬಂದಿದ್ದರೆ, ವೀಸಾ ಅವಧಿ ಮೀರಿದ್ದರೂ ಬಹುಮಟ್ಟಿಗೆ ಇಲ್ಲಿಂದಲೇ ಅರ್ಜಿ ಹಾಕಬಹುದು. ಇಷ್ಟು ಅಗಲದ ಬಾಗಿಲು ಇನ್ನೊಂದಿಲ್ಲ, ಅದಕ್ಕೇ ಅದರ ಮುಂದೆ ಕಾವಲೂ ಹೆಚ್ಚು.

1986ರಲ್ಲಿ ಅಮೆರಿಕದ ಸಂಸತ್ತು ಇದಕ್ಕೆಂದೇ ಒಂದು ಕಾನೂನು ಮಾಡಿತು. ವಲಸೆ ನಿಯಮದಿಂದ ತಪ್ಪಿಸಿಕೊಳ್ಳಲು ಗೊತ್ತಿದ್ದೂ ಮದುವೆಯಾದವರಿಗೆ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ, ಅಥವಾ ಎರಡೂ. ಇದು ನಿನಗಷ್ಟೇ ಅಲ್ಲ, ದುಡ್ಡು ತೆಗೆದುಕೊಂಡು ಸಹಿ ಹಾಕುವ ಆ ಹುಡುಗಿಗೂ ಅನ್ವಯಿಸುತ್ತದೆ. ದಲ್ಲಾಳಿಯ ಮೇಲೆ ಒಳಸಂಚಿನ ಮೊಕದ್ದಮೆ. ಅರ್ಜಿಯಲ್ಲಿ ಬರೆದ ಸುಳ್ಳಿಗೆ ಬೇರೆಯೇ ಕಲಮುಗಳಿವೆ.

ಆದರೆ ನನ್ನ ದೊಡ್ಡ ಹೆದರಿಕೆ ಜೈಲಿನದಲ್ಲ. ವಲಸೆ ಕಾಯ್ದೆಯಲ್ಲಿ 204(ಸಿ) ಎಂದೊಂದು ಕಲಮಿದೆ, ದಲ್ಲಾಳಿಗಳ ಬಾಯಲ್ಲಿ ಅದರ ಹೆಸರು ಬರುವುದೇ ಇಲ್ಲ. ಗ್ರೀನ್ ಕಾರ್ಡಿಗಾಗಿ ಸುಳ್ಳು ಮದುವೆ ಮಾಡಿಕೊಂಡಿದ್ದಾನೆ, ಅಥವಾ ಮಾಡಿಕೊಳ್ಳಲು ಪ್ರಯತ್ನಿಸಿದ್ದಾನೆ, ಸಂಚು ಹೂಡಿದ್ದಾನೆ ಎಂಬುದಕ್ಕೆ ಕಡತದಲ್ಲಿ ಗಟ್ಟಿ ಪುರಾವೆ ಇದ್ದರೆ, ಮುಂದೆ ಅವನ ಹೆಸರಿನಲ್ಲಿ ಯಾರು ಅರ್ಜಿ ಹಾಕಿದರೂ ಮಂಜೂರು ಮಾಡುವಂತಿಲ್ಲ ಎನ್ನುತ್ತದೆ ಅದು. ಕೋರ್ಟಿನಲ್ಲಿ ಶಿಕ್ಷೆ ಆಗಿರಬೇಕೆಂದಿಲ್ಲ. ಆ ಮದುವೆಯಿಂದ ಕಾರ್ಡು ಸಿಕ್ಕಿರಬೇಕೆಂದೂ ಇಲ್ಲ.

ಇದರ ಅರ್ಥವೇನು, ಸ್ವಲ್ಪ ಯೋಚಿಸು. ನಾಲ್ಕು ವರ್ಷದ ಮೇಲೆ ನಿನಗೆ ನಿಜವಾಗಿಯೇ ಒಬ್ಬಳು ಇಷ್ಟವಾಗುತ್ತಾಳೆ, ಅವಳೂ ಇಲ್ಲಿಯ ಪ್ರಜೆ, ಮದುವೆಯಾಗಿ ಮಕ್ಕಳಾಗುತ್ತವೆ ಎಂದುಕೊ. ಅವಳು ನಿನಗಾಗಿ ಹಾಕುವ ಅರ್ಜಿ ಬಿದ್ದುಹೋಗುತ್ತದೆ. ನಿನ್ನ ಕೆಲಸ ಮೆಚ್ಚಿ ಕಂಪನಿ ಗ್ರೀನ್ ಕಾರ್ಡಿಗಾಗಿ ಐ-140 ಅರ್ಜಿ ಹಾಕಿದರೆ ಅದಕ್ಕೂ ಅದೇ ಗತಿ. ಸಾಲು ಉದ್ದವಾಯಿತೆಂದು ತಾನೇ ಈ ದಾರಿ ಹಿಡಿಯುವುದು? ಹಿಡಿದ ಮೇಲೆ ಆ ಸಾಲಿನಲ್ಲಿ ನಿಲ್ಲುವ ಹಕ್ಕೂ ಇರುವುದಿಲ್ಲ. ವೀಸಾ ಮೀರಿ ಒಂದು ವರ್ಷಕ್ಕಿಂತ ಹೆಚ್ಚು ಕೂತು ಹೊರಟವನಿಗೆ 10 ವರ್ಷ ತಡೆ, ಆರು ತಿಂಗಳು ಮೀರಿದವನಿಗೆ 3 ವರ್ಷ. ಅವಕ್ಕೊಂದು ಕೊನೆಯಿದೆ, ಕೆಲವು ಸಂದರ್ಭಗಳಲ್ಲಿ ಮನ್ನಾ ಕೇಳಲೂಬಹುದು. 204(ಸಿ)ಗೆ ಅವಧಿಯಿಲ್ಲ, ಮನ್ನಾ ಅರ್ಜಿಯೂ ಇಲ್ಲ. ಅಷ್ಟು ದೊಡ್ಡ ಕಾಯ್ದೆಯಲ್ಲಿ ಇಷ್ಟು ಕಠೋರವಾದ ಸಾಲುಗಳು ಕಡಿಮೆ.

“ನಾವು ಸುಳ್ಳು ಸರ್ಟಿಫಿಕೇಟ್ ಮಾಡಿಸುತ್ತಿಲ್ಲವಲ್ಲ, ನಿಜವಾಗಿಯೂ ರಿಜಿಸ್ಟರ್ ಆದ ಮದುವೆ” ಎಂದು ವಾದಿಸುವವರಿದ್ದಾರೆ. ಈ ವಾದ ಹಳೆಯದು. ಎರಡನೇ ಮಹಾಯುದ್ಧದ ನಂತರ ಸೈನಿಕರ ಬಾಳಸಂಗಾತಿಗಳಿಗೆ ಬೇಗ ಪ್ರವೇಶ ಕೊಡುವ ಕಾನೂನನ್ನು ಬಳಸಿಕೊಂಡು, ಕೆಲವರು ಪ್ಯಾರಿಸ್‌ನಲ್ಲಿ ಮದುವೆಯ ಶಾಸ್ತ್ರ ಮುಗಿಸಿ ಅಮೆರಿಕಕ್ಕೆ ಬಂದರು. ಜೊತೆಗೆ ಬಾಳುವ ಉದ್ದೇಶ ಯಾರಿಗೂ ಇರಲಿಲ್ಲ. ಲುಟ್ವಾಕ್ ಎಂಬ ಹೆಸರಿನ ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಫ್ರಾನ್ಸ್ ಕಾನೂನಿನ ಪ್ರಕಾರ ಮದುವೆ ಸಿಂಧುವೋ ಅಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ ಎಂದು ಕೋರ್ಟು 1953ರಲ್ಲಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಗಂಡಹೆಂಡತಿಯಾಗಿ ಬದುಕು ಕಟ್ಟುವ ಮನಸ್ಸು ಮದುವೆಯ ಹೊತ್ತಿನಲ್ಲಿ ಇತ್ತೇ ಎಂಬುದನ್ನೇ ಇವತ್ತಿಗೂ ನೋಡುತ್ತಾರೆ.

ಇದನ್ನು ಕೇಳಿ ನಮ್ಮ ಹಿರಿಯರು ನೋಡಿ ಒಪ್ಪಿದ ಮದುವೆಗಳ ಬಗ್ಗೆ ಗಾಬರಿ ಬೀಳಬೇಡ. ಎರಡು ಸಲ ವಿಡಿಯೋ ಕಾಲ್, ಒಂದು ಸಲ ಹುಡುಗಿ ನೋಡುವ ಶಾಸ್ತ್ರ, ಹದಿನೈದು ದಿನದ ರಜೆಯಲ್ಲಿ ಧಾರೆ: ಹೀಗಾದ ಮದುವೆಯೂ ನಿಜವಾದ ಮದುವೆಯೇ. ಗ್ರೀನ್ ಕಾರ್ಡು ಬರುತ್ತದೆಂಬ ಸಂತೋಷ ಮನಸ್ಸಿನ ಮೂಲೆಯಲ್ಲಿದ್ದರೆ ಅದೂ ಅಪರಾಧವಲ್ಲ. ಹೊಂದಾಣಿಕೆಯಾಗದೆ ವರ್ಷದೊಳಗೆ ಮುರಿದುಬಿದ್ದರೂ ಅದು ದುರದೃಷ್ಟ ಅಷ್ಟೇ, ಮೋಸವಲ್ಲ. ಪ್ರಾಮಾಣಿಕ ಜೋಡಿಗಳೂ ಇಂಟರ್‌ವ್ಯೂನಲ್ಲಿ ತಡವರಿಸುತ್ತಾರೆ. ಅತ್ತೆಯ ಹೆಸರು ಮರೆತ ಗಂಡಂದಿರು ಅಮೆರಿಕದಲ್ಲಿ ಮಾತ್ರ ಇರುವುದಲ್ಲ!

ಸಿಕ್ಕಿಬೀಳುವುದು ಹೇಗೆ ಎಂದು ನೀನು ಕೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಲೆಕ್ಕ ಹಾಕಿರುತ್ತೀಯ. ಎರಡು ವರ್ಷಕ್ಕೆ ಡಿವೋರ್ಸ್ ಎಂದರಲ್ಲ, ಆ ಲೆಕ್ಕವೇ ತಪ್ಪು. ಹೊಸ ಮದುವೆಯ ಮೇಲೆ ಮೊದಲು ಕೊಡುವುದು 2 ವರ್ಷದ ಷರತ್ತಿನ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಬೇಕು. ಬಾಡಿಗೆ ಕರಾರು, ಜಂಟಿ ಖಾತೆ, ತೆರಿಗೆ, ವಿಮೆ ಎಲ್ಲವೂ ಒಂದೇ ಕಥೆ ಹೇಳಬೇಕು. ಅಷ್ಟರಲ್ಲಿ ಡಿವೋರ್ಸ್ ಆಗಿದ್ದರೆ, ಮದುವೆ ಪ್ರಾಮಾಣಿಕವಾಗಿತ್ತು ಎಂದು ನೀನೊಬ್ಬನೇ ಸಾಬೀತು ಮಾಡಬೇಕು. ಅನುಮಾನ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಾರೆ, ಮನೆಗೂ ಬಂದು ನೋಡುತ್ತಾರೆ. ಇದೆಲ್ಲ ದಾಟಿ ನಾಗರಿಕತ್ವವೇ ಸಿಕ್ಕಿತೆನ್ನು, ಅದನ್ನು ಮೋಸದಿಂದ ಪಡೆದದ್ದೆಂದು ರದ್ದು ಮಾಡಿಸಲು ಸರ್ಕಾರ ಹಾಕುವ ಸಿವಿಲ್ ದಾವೆಗೆ ಕಾಲಮಿತಿಯಿಲ್ಲ.

ಅಧಿಕಾರಿಗಳಿಗಿಂತ ಮೊದಲು ಕಾಡುವುದು ಜೊತೆಗಾರರೇ. ಗುಟ್ಟು ಗೊತ್ತಿರುವ ದಲ್ಲಾಳಿ “ಇನ್ನೊಂದಿಷ್ಟು ಕೊಡು” ಎಂದರೆ ಯಾವ ಪೊಲೀಸ್ ಠಾಣೆಗೆ ಹೋಗುತ್ತೀಯ? ಆ ಹುಡುಗಿಯದೂ ಸುಖದ ಸ್ಥಿತಿಯಲ್ಲ. ಇಂಥದಕ್ಕೆ ಒಪ್ಪುವವರು ಸಾಮಾನ್ಯವಾಗಿ ದುಡ್ಡಿಗೆ ಕಟ್ಟಿಬಿದ್ದವರು. ನಿನ್ನ ಜೀವನ ನಿರ್ವಹಣೆಗೆ ತಾನು ಹೊಣೆ ಎಂದು ಅವಳು ಬರೆದುಕೊಡುವ ಪತ್ರದ ಭಾರ ಡಿವೋರ್ಸ್ ಆದರೂ ಇಳಿಯುವುದಿಲ್ಲ. ಅದನ್ನು ಅವಳಿಗೆ ಯಾರೂ ಹೇಳಿರುವುದಿಲ್ಲ.

ಇನ್ನು ಊರಿನ ವಿಷಯ. ಇದು ಬರೀ ಕಾಗದ, ಅಮ್ಮ ತೋರಿಸಿದ ಹುಡುಗಿಯನ್ನು ಮುಂದಿನ ಡಿಸೆಂಬರಿನಲ್ಲಿ ಕಟ್ಟಿಕೊಳ್ಳುತ್ತೇನೆ ಎಂದುಕೊಳ್ಳುವವರಿದ್ದಾರೆ. ಇಲ್ಲಿ ಡಿವೋರ್ಸ್ ಆಗದೆ ಅಲ್ಲಿ ತಾಳಿ ಕಟ್ಟಿದರೆ, 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಆ ಮದುವೆ ಅನೂರ್ಜಿತ. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ 7 ವರ್ಷದವರೆಗೆ ಶಿಕ್ಷೆ, ಮೊದಲ ಮದುವೆ ಮುಚ್ಚಿಟ್ಟಿದ್ದರೆ 10 ವರ್ಷದವರೆಗೆ. ಏನೂ ಅರಿಯದ ಆ ಹುಡುಗಿ, ಅವಳ ತಂದೆತಾಯಿ ತಲೆ ಎತ್ತುವುದು ಹೇಗೆ?

ಈಗಾಗಲೇ ಸಹಿ ಬಿದ್ದಿದ್ದರೆ ನನ್ನ ಹತ್ತಿರವೂ ಬಾಯಿ ಬಿಡಬೇಡ. ಲೈಸೆನ್ಸ್ ಇರುವ ವಲಸೆ ವಕೀಲರ ಮುಂದೆ ಪೂರ್ತಿ ನಿಜ ಹೇಳು, ಆಗಿಹೋದದ್ದನ್ನು ಅವರು ಗುಟ್ಟಾಗಿಡಲೇಬೇಕು. ವಕೀಲರಲ್ಲದ ‘ಕನ್ಸಲ್ಟೆಂಟ್’ ಮಾತು ಕೇಳಿ ಇನ್ನೊಂದು ಅರ್ಜಿ ಹಾಕಬೇಡ. ಇನ್ನೂ ಸಹಿ ಬಿದ್ದಿಲ್ಲದಿದ್ದರೆ ಬೇರೆ ದಾರಿಗಳಿವೆ. ವಿಶ್ವವಿದ್ಯಾಲಯಗಳಲ್ಲಿ, ಲಾಭರಹಿತ ಸಂಶೋಧನಾ ಸಂಸ್ಥೆಗಳಲ್ಲಿ ಕೆಲಸ ಸಿಕ್ಕರೆ ಎಚ್-1ಬಿಗೆ ಲಾಟರಿ ಬೇಕಿಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ನಿನ್ನ ಕಂಪನಿಗೆ ಬೆಂಗಳೂರಿನಲ್ಲಿ ಆಫೀಸಿದ್ದರೆ ಅಲ್ಲಿ ಒಂದು ವರ್ಷ ದುಡಿದು, ಹುದ್ದೆ ಹೊಂದಿದರೆ ಎಲ್-1 ವೀಸಾ ಮೇಲೆ ಬರಬಹುದು. ವಾಪಸ್ ಹೋದವರನ್ನು ಊರಿನವರು ಒಂದು ಯುಗಾದಿಯಿಂದ ಇನ್ನೊಂದಕ್ಕೆ ಮರೆತುಬಿಡುತ್ತಾರೆ, ನೀನು ಅಂದುಕೊಂಡಷ್ಟು ಆಡಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ.

ಇನ್ನೊಂದು ಮಾತು. ಈ ಕೆಲಸಕ್ಕೆ ಇಳಿದವರು ಕಡೆಗೆ ನಮ್ಮಂಥವರ ಮನೆ ಬಾಗಿಲಿಗೂ ಬರುತ್ತಾರೆ: “ಅಂಕಲ್, ನಾವಿಬ್ಬರೂ ಒಟ್ಟಿಗಿರುವುದನ್ನು ನೋಡಿದ್ದೇನೆ ಅಂತ ಒಂದು ಅಫಿಡವಿಟ್ ಬರೆದುಕೊಡಿ.” ಸುಳ್ಳು ಅಫಿಡವಿಟ್ ಕೊಟ್ಟವರಿಗೂ ಶಿಕ್ಷೆ ತಪ್ಪದು. ಅದಕ್ಕೆ ನನ್ನ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲ. ಸಿಟ್ಟು ಮಾಡಿಕೊಳ್ಳಬೇಡ. ಯೂನಿವರ್ಸಿಟಿ ಲ್ಯಾಬಿನ ಕೆಲಸಕ್ಕೆ ಶಿಫಾರಸು ಪತ್ರ ಬೇಕೆಂದರೆ ಹೇಳು, ಇವತ್ತು ರಾತ್ರಿಯೇ ಬರೆಯುತ್ತೇನೆ.