ಖರ್ಚು ಕಡಿತದ ಕಾಲದಲ್ಲಿ ಮಾಜಿ ಸೈನಿಕರ ಪಿಂಚಣಿ: ಕಾನೂನು ಕೊಡುವ ರಕ್ಷಣೆ ಏನು?

2025-26ರ ಕೇಂದ್ರ ಬಜೆಟ್‌ನಲ್ಲಿ ರಕ್ಷಣಾ ಸಚಿವಾಲಯಕ್ಕೆ ತೆಗೆದಿರಿಸಿದ ಸುಮಾರು 6.81 ಲಕ್ಷ ಕೋಟಿ ರೂಪಾಯಿಯಲ್ಲಿ 1.60 ಲಕ್ಷ ಕೋಟಿಗೂ ಹೆಚ್ಚು ಹಣ ಪಿಂಚಣಿಗೆ ಮೀಸಲಾಗಿತ್ತು. ಮೊತ್ತ ಇಷ್ಟು ದೊಡ್ಡದಾದ್ದರಿಂದ ಸರ್ಕಾರದ ಖರ್ಚು ತಗ್ಗಿಸುವ ಮಾತು ಬಂದಾಗಲೆಲ್ಲ ಎಲ್ಲರ ಕಣ್ಣು ಇದರ ಮೇಲೆ ಬೀಳುತ್ತದೆ. ಕೊಡಗಿನಿಂದ ಬೆಳಗಾವಿಯವರೆಗೆ, ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳಲ್ಲಿ ಆಗ ಏಳುವ ಪ್ರಶ್ನೆ ಒಂದೇ: ನಮ್ಮ ಪಿಂಚಣಿಗೂ ಕತ್ತರಿ ಬೀಳುತ್ತದೆಯೇ?

ಮಂಜೂರಾಗಿ ಕೈಸೇರುತ್ತಿರುವ ಪಿಂಚಣಿಯನ್ನು ಬೊಕ್ಕಸದಲ್ಲಿ ಹಣವಿಲ್ಲವೆಂದು ಒಂದು ಸುತ್ತೋಲೆ ಹೊರಡಿಸಿ ಕಡಿಮೆ ಮಾಡಲು ಸರ್ಕಾರಕ್ಕೆ ಅಧಿಕಾರವಿಲ್ಲ. ಆದರೆ ಪಿಂಚಣಿಯ ಜೊತೆಗೆ ಸಿಗುವ ಎಲ್ಲ ಸೌಲಭ್ಯಗಳಿಗೂ ಇಷ್ಟೇ ಗಟ್ಟಿಯಾದ ರಕ್ಷಣೆ ಇಲ್ಲ. ಯಾವುದು ಹಕ್ಕು, ಯಾವುದು ಸರ್ಕಾರದ ನೀತಿ ಎಂಬುದನ್ನು ತಿಳಿದವರು ಮಾತ್ರ ಸರಿಯಾದ ಬಾಗಿಲು ತಟ್ಟಬಲ್ಲರು.

ಮಂಜೂರಾದ ಪಿಂಚಣಿ ನಿಮ್ಮ ಆಸ್ತಿ

1971ರ ದೇವಕಿನಂದನ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿಯನ್ನು ನೌಕರನ ಆಸ್ತಿ ಎಂದು ಪರಿಗಣಿಸಿತು. 1982ರ ಡಿಸೆಂಬರ್ 17ರಂದು ಡಿ.ಎಸ್. ನಾಕರ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇನ್ನೂ ಸ್ಪಷ್ಟವಾಗಿ ಮಾತಾಡಿತು. ಪಿಂಚಣಿ ಮಾಲೀಕನ ಮರ್ಜಿಗೆ ಬಿಟ್ಟ ಬಕ್ಷೀಸಲ್ಲ, ಸಲ್ಲಿಸಿದ ಸೇವೆಗೆ ಬದಲಾಗಿ ಬರುವ ಹಕ್ಕು ಎಂಬುದು ಆ ತೀರ್ಪಿನ ತಿರುಳು. ಸಶಸ್ತ್ರ ಪಡೆಗಳ ಪಿಂಚಣಿದಾರರೂ ಅದರ ವ್ಯಾಪ್ತಿಯಲ್ಲಿದ್ದರು. ಡಿಸೆಂಬರ್ 17 ಇಂದಿಗೂ ಪಿಂಚಣಿದಾರರ ದಿನವಾಗಿರುವುದು ಈ ಕಾರಣಕ್ಕೆ.

ಆಸ್ತಿ ಹಕ್ಕು ಈಗ ಮೂಲಭೂತ ಹಕ್ಕಾಗಿ ಉಳಿದಿಲ್ಲ, ನಿಜ. ಆದರೆ ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎನ್ನುವ ಸಂವಿಧಾನದ 300ಎ ವಿಧಿ ಇದೆ. 2013ರ ಜಿತೇಂದ್ರ ಕುಮಾರ್ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ವಿಧಿಯನ್ನು ಆಧರಿಸಿ, ಬರೀ ಆಡಳಿತಾತ್ಮಕ ಸೂಚನೆಯ ಬಲದ ಮೇಲೆ ಪಿಂಚಣಿ ತಡೆಹಿಡಿಯುವಂತಿಲ್ಲ ಎಂದಿತು. ಹಿಂದಿನ ದಿನಾಂಕಕ್ಕೆ ಅನ್ವಯವಾಗುವಂತೆ ನಿಯಮ ತಿದ್ದಿ, ಆಗಲೇ ನಿವೃತ್ತರಾದವರ ಪಿಂಚಣಿ ಇಳಿಸಿದ್ದನ್ನು 1997ರಲ್ಲಿ ರೈಲ್ವೆ ನೌಕರರ ರಂಗಧಾಮಯ್ಯ ಪ್ರಕರಣದಲ್ಲಿ ಸಂವಿಧಾನ ಪೀಠವೇ ರದ್ದುಪಡಿಸಿತು.

ಆರ್ಥಿಕ ತುರ್ತು ಪರಿಸ್ಥಿತಿಯ ಭಯವನ್ನೂ ಕೆಲವರು ಹುಟ್ಟಿಸುತ್ತಾರೆ. 360ನೇ ವಿಧಿಯಡಿ ವೇತನ ಮತ್ತು ಭತ್ಯೆ ಇಳಿಸಲು ಅವಕಾಶವಿರುವುದು ಸೇವೆಯಲ್ಲಿರುವವರಿಗೆ ಸಂಬಂಧಿಸಿದಂತೆ. ಅಂಥ ಘೋಷಣೆ ದೇಶದಲ್ಲಿ ಇದುವರೆಗೆ ಒಮ್ಮೆಯೂ ಆಗಿಲ್ಲ.

ಸರ್ಕಾರ ಕೈಹಾಕಬಹುದಾದ ಜಾಗಗಳು

ಮೊದಲನೆಯದು ತುಟ್ಟಿ ಪರಿಹಾರ, ಅಂದರೆ ಡಿಆರ್. ಕೋವಿಡ್ ಸಮಯದಲ್ಲಿ, 2020ರ ಏಪ್ರಿಲ್‌ನಲ್ಲಿ, ಕೇಂದ್ರ ಸರ್ಕಾರ ಮೂರು ಕಂತುಗಳ ಏರಿಕೆಯನ್ನು ತಡೆಹಿಡಿಯಿತು. 2021ರ ಜುಲೈಯಲ್ಲಿ ಡಿಆರ್ ದರ ಶೇ 17ರಿಂದ ಶೇ 28ಕ್ಕೆ ಏರಿತಾದರೂ ನಡುವಿನ 18 ತಿಂಗಳ ಬಾಕಿ ಯಾರಿಗೂ ಸಿಗಲಿಲ್ಲ. ಮೂಲ ಪಿಂಚಣಿಯನ್ನು ಮುಟ್ಟದೆಯೇ ಉಳಿತಾಯ ಮಾಡುವ ದಾರಿ ಇದು.

ಎರಡನೆಯದು ಸಮಾನ ಶ್ರೇಣಿ ಸಮಾನ ಪಿಂಚಣಿಯ ಲೆಕ್ಕಾಚಾರ. 2014ರ ಜುಲೈ 1ರಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಐದು ವರ್ಷಕ್ಕೊಮ್ಮೆ ಪಿಂಚಣಿ ಪರಿಷ್ಕರಣೆಯಾಗುತ್ತದೆ. ಪರಿಷ್ಕರಣೆ ಪ್ರತಿವರ್ಷ ಆಗಬೇಕೆಂಬ ಮಾಜಿ ಸೈನಿಕರ ವಾದವನ್ನು 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದು ಸರ್ಕಾರದ ನೀತಿಗೆ ಬಿಟ್ಟ ವಿಷಯ ಎಂದಿತು. ಹೊಸ ಸೌಲಭ್ಯಕ್ಕೆ ಕಟ್-ಆಫ್ ದಿನಾಂಕ ಇಡುವಾಗ ಆರ್ಥಿಕ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ತಪ್ಪಲ್ಲ ಎಂದು 2005ರ ಅಮರನಾಥ್ ಗೋಯಲ್ ತೀರ್ಪು ಆಗಲೇ ಹೇಳಿತ್ತು.

ಮೂರನೆಯದು ಮುಂದೆ ಸೇರುವವರ ಸೇವಾ ಷರತ್ತು. 2022ರ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷ ದುಡಿದು ಹೊರಬರುವ ಅಗ್ನಿವೀರರಿಗೆ ಪಿಂಚಣಿ ಇಲ್ಲ, ಸೇವಾ ನಿಧಿ ಮಾತ್ರ ಇದೆ. ಅವರಿಗೆ ಅನ್ವಯಿಸುವ ಈ ಷರತ್ತನ್ನು ಹಳೆಯ ಪಿಂಚಣಿದಾರರ ಮೇಲೆ ಹೇರಲಾಗದು.

ಕೊಡುತ್ತೇವೆ, ಆದರೆ ಈಗಲ್ಲ ಎಂದರೆ?

ವಿಳಂಬವೂ ಒಂದು ಬಗೆಯ ಕಡಿತವೇ. ಆಂಧ್ರಪ್ರದೇಶ ಸರ್ಕಾರ ಕೋವಿಡ್ ಕಾರಣ ನೀಡಿ 2020ರಲ್ಲಿ ವೇತನ ಮತ್ತು ಪಿಂಚಣಿಯ ಒಂದು ಭಾಗವನ್ನು ಮುಂದೂಡಿತ್ತು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಹಣಕ್ಕೆ ವಾರ್ಷಿಕ ಶೇ 6ರ ಬಡ್ಡಿ ಕೊಡುವಂತೆ ಆದೇಶಿಸಿತು.

ಸಮಾನ ಪಿಂಚಣಿಯ ಬಾಕಿ ಪಾವತಿಯಲ್ಲೂ ಇಂಥದೇ ಆಯಿತು. ನೀತಿಯ ವಿಷಯದಲ್ಲಿ ಸರ್ಕಾರದ ಪರ ನಿಂತ ಸುಪ್ರೀಂ ಕೋರ್ಟ್, 2019ರ ಜುಲೈ 1ರಿಂದ ಪರಿಷ್ಕರಿಸಿ ಬಾಕಿ ಕೊಡಿ ಎಂದು ಅದೇ ತೀರ್ಪಿನಲ್ಲಿ ಹೇಳಿತ್ತು. ರಕ್ಷಣಾ ಸಚಿವಾಲಯ ತಾನಾಗಿಯೇ ನಾಲ್ಕು ಕಂತು ಎಂದು ಪತ್ರ ಹೊರಡಿಸಿದಾಗ ನ್ಯಾಯಾಲಯ ಆಕ್ಷೇಪಿಸಿ, 2023ರ ಮಾರ್ಚ್‌ನಲ್ಲಿ ತಾನೇ ವೇಳಾಪಟ್ಟಿ ಹಾಕಿಕೊಟ್ಟಿತು. ಕುಟುಂಬ ಪಿಂಚಣಿದಾರರಿಗೂ ಶೌರ್ಯ ಪದಕ ಪಡೆದವರಿಗೂ ಏಪ್ರಿಲ್ 30ರೊಳಗೆ, 70 ದಾಟಿದವರಿಗೆ ಜೂನ್ 30ರೊಳಗೆ, ಉಳಿದವರಿಗೆ ಮೂರು ಸಮ ಕಂತುಗಳಲ್ಲಿ 2024ರ ಫೆಬ್ರುವರಿಯೊಳಗೆ ಹಣ ತಲುಪಿಸುವಂತೆ ಅದು ಸೂಚಿಸಿತು. ನೀತಿ ರೂಪಿಸುವುದು ಸರ್ಕಾರದ ಕೆಲಸ. ಒಮ್ಮೆ ಘೋಷಿಸಿದ ಮೇಲೆ ಕೊಡುವುದು ಅದರ ಹೊಣೆ.

ಹೆಚ್ಚುವರಿ ಪಾವತಿಯ ವಸೂಲಿ

ಹಲವು ವರ್ಷ ತಪ್ಪಾಗಿ ಹೆಚ್ಚು ಕೊಟ್ಟಿದ್ದೇವೆ ಎಂದು ಪಿಂಚಣಿಯಿಂದ ಏಕಾಏಕಿ ಹಣ ಮುರಿದುಕೊಳ್ಳುವ ಪ್ರಸಂಗಗಳಿವೆ. ಪಡೆದವರ ಕಡೆಯಿಂದ ವಂಚನೆ ಇಲ್ಲದಿದ್ದಾಗ ನಿವೃತ್ತರಿಂದ ಇಂಥ ವಸೂಲಿ ಸಲ್ಲದು ಎಂದು 2014ರ ರಫೀಕ್ ಮಸೀಹ್ ತೀರ್ಪು ಹೇಳುತ್ತದೆ. ಆದರೆ ಹೆಚ್ಚಾದರೆ ಹಿಂದಿರುಗಿಸುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟವರಿಗೆ ಈ ರಕ್ಷಣೆ ಸಿಗದಿರಬಹುದು ಎಂದು 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದ್ದರಿಂದ ಸಹಿ ಹಾಕುವ ಮುನ್ನ ಕಾಗದ ಓದಿ, ಅದರ ನಕಲು ಇಟ್ಟುಕೊಳ್ಳಿ. ಇನ್ನು ಖಾಸಗಿ ಸಾಲಗಾರರು ನ್ಯಾಯಾಲಯದ ಮೂಲಕವೂ ನಿಮಗೆ ಬರಬೇಕಾದ ಪಿಂಚಣಿಯನ್ನು ಜಪ್ತಿ ಮಾಡಿಸಲಾಗದು. 1871ರ ಪಿಂಚಣಿ ಕಾಯ್ದೆಯ 11ನೇ ಕಲಂ ಅದನ್ನು ತಡೆಯುತ್ತದೆ.

ಪಿಂಚಣಿ ಕಡಿಮೆಯಾದರೆ ಏನು ಮಾಡಬೇಕು?

1. ಮೊದಲು ಕಾರಣ ಹುಡುಕಿ. ಪಿಂಚಣಿ ಪೂರ್ತಿ ನಿಂತಿದ್ದರೆ ಲೈಫ್ ಸರ್ಟಿಫಿಕೇಟ್ ಸಲ್ಲಿಕೆಯಾಗಿದೆಯೇ ನೋಡಿ. ಎಷ್ಟೋ ಬಾರಿ ಕಾರಣ ಇಷ್ಟೇ ಆಗಿರುತ್ತದೆ, ಸಲ್ಲಿಸಿದ ಮೇಲೆ ಬಾಕಿಯೂ ಬರುತ್ತದೆ.

2. ಪಿಂಚಣಿ ಪಾವತಿ ಆದೇಶ (ಪಿಪಿಒ), ಡಿಸ್ಚಾರ್ಜ್ ಬುಕ್, ಬ್ಯಾಂಕ್ ಪಾಸ್‌ಬುಕ್ ಮುಂದಿಟ್ಟುಕೊಂಡು ಮೂಲ ಪಿಂಚಣಿ, ಡಿಆರ್, ಪರಿವರ್ತಿತ ಮೊತ್ತದ ಕಡಿತ ಇವುಗಳನ್ನು ಬೇರೆಬೇರೆಯಾಗಿ ತಾಳೆ ನೋಡಿ. ಮುಂಗಡವಾಗಿ ಪಡೆದ ಪರಿವರ್ತಿತ ಪಿಂಚಣಿ 15 ವರ್ಷಗಳ ನಂತರ ಮರುಸ್ಥಾಪನೆಯಾಗಬೇಕು. 80 ತುಂಬಿದವರಿಗೆ ಶೇ 20ರಷ್ಟು ಹೆಚ್ಚುವರಿ ಪಿಂಚಣಿ ಸೇರಬೇಕು.

3. ರಕ್ಷಣಾ ಪಿಂಚಣಿಯ ‘ಸ್ಪರ್ಶ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಸಂಖ್ಯೆ ಬರೆದಿಟ್ಟುಕೊಳ್ಳಿ. ಜೊತೆಗೆ ನಿಮ್ಮ ರೆಕಾರ್ಡ್ ಆಫೀಸಿಗೂ ಪ್ರಯಾಗರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಗೂ ಲಿಖಿತ ಮನವಿ ಕಳಿಸಿ, ಸ್ವೀಕೃತಿ ಪಡೆಯಿರಿ. ಆನ್‌ಲೈನ್ ಕೆಲಸ ತಿಳಿಯದವರು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ನೆರವು ಕೇಳಬಹುದು.

4. ಯಾವ ಆದೇಶದಂತೆ ಕಡಿತವಾಯಿತು, ಲೆಕ್ಕದ ಹಾಳೆ ಎಲ್ಲಿದೆ ಎಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಿ.

5. ಮನವಿ ತಿರಸ್ಕೃತವಾದರೆ ಆರು ತಿಂಗಳೊಳಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಉತ್ತರವೇ ಬಾರದಿದ್ದರೆ ಆರು ತಿಂಗಳು ಕಾದು, ಮುಂದಿನ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಸೂಕ್ತ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ. 2007ರ ಕಾಯ್ದೆಯಂತೆ ನಿವೃತ್ತರೂ ಅವರ ಅವಲಂಬಿತರೂ ಅರ್ಜಿ ಹಾಕಬಹುದು. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿದೆ.

6. ಮಂಡಳಿಯ ತೀರ್ಪನ್ನು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಮೂಲಕ ಪ್ರಶ್ನಿಸಬಹುದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ತಡಮಾಡಿದರೆ ನಷ್ಟ ನಿಮಗೇ. ಪಿಂಚಣಿ ಕಡಿಮೆ ಬರುತ್ತಿರುವುದು ಪ್ರತಿ ತಿಂಗಳೂ ಮುಂದುವರಿಯುವ ತಪ್ಪಾದ್ದರಿಂದ ವರ್ಷಗಳ ನಂತರವೂ ಪ್ರಶ್ನಿಸಬಹುದು. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಬಾಕಿ ಸಾಮಾನ್ಯವಾಗಿ ಅರ್ಜಿ ಹಾಕುವ ಹಿಂದಿನ ಮೂರು ವರ್ಷಗಳಿಗೆ ಮಾತ್ರ ಸಿಗುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲವೇ?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಸೈನಿಕರ ಪತ್ನಿ, ಪತಿಯನ್ನು ಕಳೆದುಕೊಂಡವರು, ತಾಯಂದಿರು ಎಲ್ಲರಿಗೂ ಇದು ಅನ್ವಯಿಸುತ್ತದೆ. ಸೈನಿಕ ಕುಟುಂಬಗಳಿಗೆಂದೇ 2025ರ ಜುಲೈಯಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ‘ವೀರ ಪರಿವಾರ ಸಹಾಯತಾ ಯೋಜನೆ’ ಆರಂಭಿಸಿದೆ. ಸಹಾಯವಾಣಿ ಸಂಖ್ಯೆ 15100.

ನಮ್ಮ ಹಳ್ಳಿಗಳಲ್ಲಿ ಪತಿ ತೀರಿಕೊಂಡ ಮೇಲೆ ಬ್ಯಾಂಕಿನವರು ಕೊಟ್ಟಷ್ಟನ್ನೇ ತೆಗೆದುಕೊಂಡು ಬರುವ ತಾಯಂದಿರು ಇದ್ದಾರೆ. ನಿಮ್ಮ ಊರಿನಲ್ಲಿ ಅಂಥವರಿದ್ದರೆ ಅವರ ಪಿಪಿಒ ಮತ್ತು ಪಾಸ್‌ಬುಕ್ ಒಮ್ಮೆ ತೆರೆಸಿ ನೋಡಿ. ವ್ಯತ್ಯಾಸ ಕಂಡರೆ ಈ ವಾರವೇ ಒಂದು ಮನವಿ ಬರೆದುಕೊಡಿ.